ಕುರಿಗೆ ಇಲಾಖೆ ಉಂಟು, ದಾರಿಗಿಲ್ಲ

ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳ, ಯಲಹಂಕ ಮತ್ತು ಹೆಸರಘಟ್ಟಗಳ ನಡುವಿನ ಸೀಮೆಯಲ್ಲಿ ಕುರಿ, ಮೇಕೆ, ದನಗಳ ಬದುಕು ಸಾವುಗಳಿಗೆ ಸಂಬಂಧಿಸಿದ ಸರ್ಕಾರಿ ಸಂಸ್ಥೆಗಳು ದಟ್ಟವಾಗಿ ನೆರೆದಿವೆ. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಹೆಬ್ಬಾಳದಲ್ಲಿದೆ. ದನಗಳ ದೊಡ್ಡರೋಗವನ್ನು ತಡೆಯುವ ಸಲುವಾಗಿ ಮೈಸೂರು ಸಂಸ್ಥಾನದ ಕಾಲದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಿಂದ ಹುಟ್ಟಿ, ಇಂದು ಕುರಿ ಸಿಡುಬು, ಕರುಳುಬೇನೆ ಮೊದಲಾದ ರೋಗಗಳಿಗೆ ಲಸಿಕೆ ತಯಾರಿಸುತ್ತಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ ಅಲ್ಲಿಯೇ ಇದೆ. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಕಚೇರಿಯೂ ಹೆಬ್ಬಾಳದಲ್ಲೇ ಇದೆ. ಯಾವ ಜಿಲ್ಲೆಯಲ್ಲಿ ಯಾವ ತಿಂಗಳು ಯಾವ ಜಾನುವಾರು ರೋಗ ತಲೆದೋರಬಹುದೆಂದು ಎರಡು ತಿಂಗಳು ಮುಂಚಿತವಾಗಿ ಮುನ್ಸೂಚನೆ ನೀಡುವ ‘ನಿವೇದಿ’ ಎಂಬ ರಾಷ್ಟ್ರೀಯ ಸಂಸ್ಥೆ ಯಲಹಂಕದ ರಾಮಗೊಂಡನಹಳ್ಳಿಯಲ್ಲಿದೆ. ಹೋರಿಗಳ ವೀರ್ಯವನ್ನು ಘನೀಕರಿಸಿ ದೇಶಕ್ಕೆ ಹಂಚುವ ಕೇಂದ್ರ ಸರ್ಕಾರದ ಸಂಸ್ಥೆ ಹೆಸರಘಟ್ಟದಲ್ಲಿದೆ.

ಈ ಸಂಸ್ಥೆಗಳು ಬೆಳೆದುಬಂದ ಕಾಲವೂ ಹಿಂಡು ಹೊಡೆದುಕೊಂಡು ಊರೂರು ನಡೆಯುವವರ ಬದುಕು ಕರಗಿದ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿರುವುದು ಗಮನಿಸತಕ್ಕ ಸಂಗತಿ. ಕುರಿಯ ರೋಗಕ್ಕೆ ಲಸಿಕೆ ಬಂದಿತು, ಕುರಿಯ ತಳಿಗೆ ಸಂಶೋಧನೆ ಬಂದಿತು, ಸತ್ತ ಕುರಿಗೆ ‘ಅನುಗ್ರಹ’ ಎಂಬ ಹೆಸರಿನ ಪರಿಹಾರವೂ ಬಂದಿತು. ಕುರಿ ನಡೆಯುವ ದಾರಿ, ಅದು ತಂಗುವ ಬಯಲು, ನೀರು ಕುಡಿಯುವ ಕಟ್ಟೆ ಮಾತ್ರ ಯಾವ ಕಚೇರಿಯ ಕಡತದೊಳಗೂ ಒಟ್ಟಾಗಿ ಸೇರಲಿಲ್ಲ. ದಾರಿ ಕಂದಾಯ ಇಲಾಖೆಗೆ, ಬೆಟ್ಟ ಅರಣ್ಯ ಇಲಾಖೆಗೆ, ಕೆರೆ ಮತ್ತೊಂದು ಇಲಾಖೆಗೆ ಸೇರಿಹೋದ ಮೇಲೆ ಪಶುಸಂಗೋಪನಾ ಇಲಾಖೆಯ ಪಾಲಿಗೆ ಉಳಿದದ್ದು ಪ್ರಾಣಿಯ ಮೈ ಮಾತ್ರ.

ಈ ಸೀಮೆ ಒಂದು ಕಾಲಕ್ಕೆ ಮೇವಿನ ನೆಲವಾಗಿತ್ತೆಂಬುದಕ್ಕೆ ಊರುಗಳ ಹೆಸರೇ ಗುರುತು ಹೇಳುತ್ತವೆ. ಆರ್.ಟಿ. ನಗರದ ಪಕ್ಕದ ಕಾವಲ್ ಬೈರಸಂದ್ರ, ಯಲಹಂಕದ ಆಚೆಗಿನ ಜಾರಕಬಂಡೆ ಕಾವಲ್ ಎಂಬ ಹೆಸರುಗಳಲ್ಲಿ ಬರುವ ಕಾವಲು, ದನಕುರಿಗಳ ಮೇವಿಗಾಗಿ ಕಾದಿರಿಸಿದ ಹುಲ್ಲುನೆಲ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಮುಂದೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿಕೊಂಡಾಗ, ದಂಡಿನ ಎತ್ತುಗಳನ್ನು ಬೆಳೆಸಲು ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ನೂರಾರು ಕಾವಲುಗಳು ಮೀಸಲಾಗಿದ್ದವು. ಅವುಗಳ ವಿಶೇಷವೆಂದರೆ ಋತುವಿಗೆ ತಕ್ಕಂತೆ ದನ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದುದು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ. ಹುಲ್ಲುನೆಲವನ್ನು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿಸಿ ನೋಡುವ ಈ ತಿಳಿವು ಅರಸೊತ್ತಿಗೆಯ ಆಡಳಿತಕ್ಕೆ ಇತ್ತು, ಅನಂತರದ ಆಡಳಿತಕ್ಕೆ ಉಳಿಯಲಿಲ್ಲ.

ಋತುಮಾನಕ್ಕೆ ತಕ್ಕಂತೆ ಹಿಂಡಿನೊಡನೆ ನೆಲೆ ಬದಲಿಸುವ ಈ ಪದ್ಧತಿ ಕರ್ನಾಟಕದಲ್ಲಿ ಇಂದಿಗೂ ಅತಿ ಹೆಚ್ಚು ಕಾಣಿಸುವುದು ಬೆಳಗಾವಿ, ಬಾಗಲಕೋಟೆ, ಗದಗ, ಕೊಪ್ಪಳ, ಚಿತ್ರದುರ್ಗ ಮೊದಲಾದ ಜಿಲ್ಲೆಗಳ ಕುರುಬರಲ್ಲಿ. ಹಾಲುಮತದವರೆಂದು ಕರೆದುಕೊಳ್ಳುವ, ಬೀರಪ್ಪನನ್ನೂ ಮೈಲಾರಲಿಂಗನನ್ನೂ ನಂಬಿ ನಡೆಯುವ ಈ ಸಮುದಾಯದ ಸಂಚಾರಿ ಕುಟುಂಬಗಳ ವರ್ಷವು ಮಳೆಯ ಲೆಕ್ಕದ ಮೇಲೆ ನಿಂತಿದೆ. ಕಪ್ಪುನೆಲದ ಕೆಸರಿನಲ್ಲಿ ನಿಂತ ಕುರಿಗೆ ಗೊರಸು ಕೊಳೆಯುವ ಕಾಲುಬೇನೆ ಹಿಡಿಯುವುದರಿಂದ ಮಳೆಗಾಲದಲ್ಲಿ ಹಿಂಡು ಕಡಿಮೆ ಮಳೆ ಬೀಳುವ ಕಲ್ಲುಗುಡ್ಡಗಳ ಕಡೆ ಸರಿಯುತ್ತದೆ. ಸುಗ್ಗಿ ಮುಗಿದು ಹೊಲಗಳು ತೆರವಾದ ಮೇಲೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ, ತುಂಗಭದ್ರೆಯರ ಬಯಲಿಗೆ ಇಳಿಯುತ್ತದೆ. ಬೇಸಿಗೆ ಬಲಿತಂತೆ ಹಸಿರು ಉಳಿದಿರುವ ಮಲೆನಾಡಿನ ಸೆರಗಿನತ್ತ ಹೊರಳುವ ಹಿಂಡುಗಳೂ ಉಂಟು. ಹಲವು ಕುಟುಂಬಗಳು ಕೂಡಿ ನಡೆಸುವ ಈ ನಡಿಗೆಯಲ್ಲಿ ತಟ್ಟುಗಳ ಮೇಲೆ ಪಾತ್ರೆ, ಹಾಸಿಗೆ, ಬಲೆ, ಧಾನ್ಯದ ಚೀಲಗಳು ಏರಿದರೆ, ಅವುಗಳ ನಡುವೆ ಕೋಳಿಗಳೂ ಚಿಕ್ಕ ಮಕ್ಕಳೂ ಕೂತಿರುತ್ತಾರೆ. ಇಳಿದಾಣದಲ್ಲಿ ಗೂಟ ನೆಟ್ಟು ಸುತ್ತ ಬಲೆ ಕಟ್ಟಿ ಹಿಂಡನ್ನು ಒಳಗೆ ಹಾಕುವುದು ಗಂಡಸರ ಪಾಲಿಗೆ. ಒಲೆ ಹೂಡುವುದು, ಈದ ಕುರಿ ಮತ್ತು ಹಸಿಮರಿಗಳ ಆರೈಕೆ, ನಡೆಯಲಾರದ ಮರಿಗಳನ್ನು ನರಿ ತೋಳಗಳಿಗೆ ಸಿಗದಂತೆ ಬುಟ್ಟಿಯಡಿ ಕವುಚುವುದು ಹೆಂಗಸರ ಪಾಲಿಗೆ. ದಾಖಲೆಗಳಲ್ಲಿ ಕುರಿಗಾಹಿ ಎಂದರೆ ಗಂಡಸೇ ಆಗಿ ಬರುವುದು ಈ ಕೆಲಸವನ್ನು ಹತ್ತಿರದಿಂದ ನೋಡದವರ ಬರವಣಿಗೆಯ ದೋಷ.

ನಡಿಗೆಯ ಹಿಂದೆ ಒಂದು ಗಟ್ಟಿಯಾದ ಲೇವಾದೇವಿ ಇತ್ತು. ರೈತನ ಹೊಲದಲ್ಲಿ ರಾತ್ರಿ ಹಿಂಡನ್ನು ತಂಗಿಸುವುದಕ್ಕೆ ಉತ್ತರ ಕರ್ನಾಟಕದಲ್ಲಿ ಕುರಿ ತರುಬುವುದೆಂದೂ ಹಳೆಯ ಮೈಸೂರು ಸೀಮೆಯಲ್ಲಿ ಮಂದೆ ಹಾಕಿಸುವುದೆಂದೂ ಹೇಳುತ್ತಾರೆ. ಹಿಕ್ಕೆಯ ಜೊತೆಗೆ ಗಂಜಲವೂ ನೇರವಾಗಿ ಮಣ್ಣಿಗೆ ಇಳಿಯುವುದರಿಂದ ಗಾಡಿಯಲ್ಲಿ ಹೇರಿ ತಂದ ತಿಪ್ಪೆಗೊಬ್ಬರಕ್ಕಿಂತ ಈ ಗೊಬ್ಬರಕ್ಕೆ ರೈತರು ಹೆಚ್ಚಿನ ಬೆಲೆ ಕಟ್ಟುತ್ತಿದ್ದರು. ಇಂತಿಷ್ಟು ಕುರಿ ಇಂತಿಷ್ಟು ರಾತ್ರಿ ಮಲಗಿದರೆ ಇಂತಿಷ್ಟು ಜೋಳ ಅಥವಾ ಹಣವೆಂದು ಬಾಯಿಮಾತಿನಲ್ಲೇ ಕರಾರು ಆಗುತ್ತಿತ್ತು, ಒಂದೇ ರೈತ ಮನೆತನಕ್ಕೆ ಒಂದೇ ಕುರಿಗಾರ ಮನೆತನ ತಲೆಮಾರುಗಳ ಕಾಲ ಬರುವುದೂ ಇತ್ತು. ರಾಸಾಯನಿಕ ಗೊಬ್ಬರ ಸಹಾಯಧನದೊಂದಿಗೆ ಅಂಗಡಿಗೆ ಬಂದಾಗ ಈ ಕರಾರಿನ ಬುಡ ಸಡಿಲವಾಯಿತು. ಕಾಲುವೆಯ ನೀರು ಬಂದು ವರ್ಷಕ್ಕೆ ಎರಡು ಮೂರು ಬೆಳೆ ಇಡುವಂತಾದಾಗ ಕುರಿ ಇಳಿಯಲು ಬೇಕಾದ ಖಾಲಿ ಹೊಲವೇ ಇಲ್ಲವಾಯಿತು. ಕಬ್ಬಿನ ಗದ್ದೆಯಲ್ಲಿ ಹಿಂಡಿಗೆ ಜಾಗವಿಲ್ಲ, ಹನಿ ನೀರಾವರಿಯ ಕೊಳವೆ ಹಾಸಿದ ಹೊಲಕ್ಕೆ ಗೊರಸು ಬೀಳುವುದನ್ನು ಯಾವ ರೈತನೂ ಒಪ್ಪುವುದಿಲ್ಲ, ಔಷಧ ಹೊಡೆದ ಹತ್ತಿಯ ಎಲೆ ತಿಂದ ಕುರಿ ಬದುಕುವ ಭರವಸೆಯಿಲ್ಲ.

ಇನ್ನೊಂದು ಬುಡ ಉಣ್ಣೆಯದು. ದಖ್ಖನಿ ಕುರಿಯ ಒರಟಾದ ಕರಿ ಉಣ್ಣೆಯಿಂದ ನೇಯ್ದ ಕಂಬಳಿ ಮಳೆಯಲ್ಲಿ ತಲೆಯ ಮೇಲಿನ ಕೊಪ್ಪೆ, ಚಳಿಯಲ್ಲಿ ಹೊದಿಕೆ, ರಾತ್ರಿ ಹಾಸಿಗೆ, ಹಬ್ಬದಲ್ಲಿ ದೇವರ ಗದ್ದುಗೆ ಎಲ್ಲವೂ ಆಗುತ್ತಿತ್ತು. ಉಣ್ಣೆಯನ್ನು ಬಿಲ್ಲಿನಿಂದ ಹಿಂಜಿ, ಹೆಂಗಸರು ರಾಟೆಯಲ್ಲಿ ನೂತ ನೂಲನ್ನು ಹಾಸುನೂಲಾಗಿ ಎಳೆದು ಕಟ್ಟಿ, ಹುಣಸೆ ಬೀಜವನ್ನು ನೆನೆಸಿ ಅರೆದು ಕುದಿಸಿದ ಸರಿಯನ್ನು ಅದಕ್ಕೆ ಸವರಿ ಒಣಗಿಸಿದ ಮೇಲೆ ಕುಣಿಮಗ್ಗದಲ್ಲಿ, ಅಂದರೆ ನೇಕಾರ ಕಾಲಿಳಿಬಿಟ್ಟು ಕೂರುವ ಕುಳಿಯ ಮಗ್ಗದಲ್ಲಿ, ನೇಯುತ್ತಾರೆ. ಈ ಸರಿಯ ಬಿಗುವಿನಿಂದಾಗಿ ಹೊಸ ಕಂಬಳಿ ಮಳೆನೀರನ್ನು ಒಳಗೆ ಬಿಡದೆ ಜಾರಿಸುತ್ತದೆ. ಕಾರ್ಖಾನೆಯ ಅಗ್ಗದ ಹೊದಿಕೆಗಳು ಮತ್ತು ಪ್ಲಾಸ್ಟಿಕ್ ಹಾಳೆಗಳು ಬಂದ ಮೇಲೆ ಕಂಬಳಿಯ ಗಿರಾಕಿ ಕಡಿಮೆಯಾಗಿ, ಅನೇಕ ಕಡೆ ಉಣ್ಣೆ ಮಾರಿದ ಹಣದಿಂದ ಕತ್ತರಿಸುವವನ ಕೂಲಿಯೂ ಹುಟ್ಟದಂತಾಗಿದೆ. ಹೀಗಾಗಿ ಉಣ್ಣೆಯಿಲ್ಲದ, ಬೇಗ ಮೈತುಂಬುವ ಮಾಂಸದ ತಳಿಗಳತ್ತ ಕುರಿಗಾರರು ವಾಲಿದ್ದಾರೆ. ಅವಳಿ ಮರಿ ಹಾಕುವ ವಂಶವಾಹಿಯನ್ನು ದಖ್ಖನಿಯೊಳಗೆ ಸೇರಿಸಿ ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆ ರೂಪಿಸಿದ ನಾರಿ ಸುವರ್ಣ ತಳಿ ಕರ್ನಾಟಕದಲ್ಲಿ ಜನಪ್ರಿಯವಾಗಿರುವುದಕ್ಕೆ ಕಾರಣ ಇದೇ. ಆದರೆ ಹೆಚ್ಚು ಮರಿ ಹಾಕುವ ತಾಯಿಗೆ ಹೆಚ್ಚು ಮೇವು, ಹೆಚ್ಚು ಆರೈಕೆ ಬೇಕು. ದಿನವಿಡೀ ನಡೆದು ಕುರುಚಲು ಮೇಯುವ ಹಿಂಡಿಗಿಂತ ನೆಲೆನಿಂತ ಹಿಂಡಿಗೇ ಅದು ಹೆಚ್ಚು ಒಪ್ಪುವ ಕುರಿ.

ಕುರಿ ಕಡಿಮೆಯಾಗಿದ್ದರಿಂದ ಕುರಿಗಾರಿಕೆ ಕರಗಿತೆಂದು ತಿಳಿಯುವುದು ತಪ್ಪು. 2012ರಲ್ಲಿ ಕರ್ನಾಟಕದಲ್ಲಿ ಸುಮಾರು 96 ಲಕ್ಷವಿದ್ದ ಕುರಿಗಳ ಸಂಖ್ಯೆ 2019ರ 20ನೆಯ ಜಾನುವಾರು ಗಣತಿಯಲ್ಲಿ ಸುಮಾರು 1 ಕೋಟಿ 11 ಲಕ್ಷಕ್ಕೆ ಏರಿದೆ; ತೆಲಂಗಾಣ, ಆಂಧ್ರಪ್ರದೇಶಗಳ ನಂತರ ದೇಶದಲ್ಲಿ ಮೂರನೆಯ ಸ್ಥಾನ ಕರ್ನಾಟಕದ್ದು. ಮಾಂಸದ ಬೇಡಿಕೆ ಏರುತ್ತಿದೆ, ಬೆಂಗಳೂರಿನ ಬಕ್ರೀದ್ ವ್ಯಾಪಾರಕ್ಕೆ ಬನ್ನೂರು, ಅಮೀನಗಡಗಳ ಕಡೆಯಿಂದ ಟಗರುಗಳು ಲಾರಿಗಟ್ಟಲೆ ಬರುತ್ತವೆ, ನೆಲದಿಂದ ಎತ್ತರಕ್ಕೆ ಪಟ್ಟಿಗಳನ್ನು ಹಾಸಿ ಕಟ್ಟಿದ ಕೊಟ್ಟಿಗೆಯಲ್ಲಿ ಟಗರು ಕೊಬ್ಬಿಸುವ ಅಟ್ಟಣಿಗೆ ಪದ್ಧತಿಗೆ ಸಾಲವೂ ಸಹಾಯಧನವೂ ದೊರೆಯುತ್ತವೆ. ಅಂದರೆ ಪ್ರಾಣಿ ಉಳಿದಿದೆ, ಬೆಳೆದಿದೆ. ಹೋಗುತ್ತಿರುವುದು ಅದರೊಂದಿಗೆ ನಡೆಯುವವನ ಬದುಕು. ಕುರಿಯ ಹಿಂದೆ ಹೋಗುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲವೆಂಬ ಮಾತು ಹಟ್ಟಿಗಳಲ್ಲಿ ಸಾಮಾನ್ಯವಾಗಿದೆ, ಶಾಲೆಗೆ ಸೇರಿದ ಮಕ್ಕಳು ಊರಲ್ಲಿ ಅಜ್ಜಿಯೊಡನೆ ಉಳಿಯುವುದರಿಂದ ಕುಟುಂಬ ಎರಡಾಗಿ ಒಡೆಯುತ್ತದೆ, ದಾರಿಯಲ್ಲಿ ಕುರಿ ಕಳ್ಳತನ ಮತ್ತು ಹಲ್ಲೆಯ ಭಯವೂ ಸೇರುತ್ತದೆ. ನಡಿಗೆ ಬಿಟ್ಟವರನ್ನು ಯಾರೂ ದೂರುವಂತಿಲ್ಲ.

ಬೆಟ್ಟದ ಮೇಲಿನ ದನಗಾಹಿಗಳ ಕಥೆ ಇದಕ್ಕಿಂತ ಕಠಿಣ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಸಾಲಿನಲ್ಲಿ ಕಾಡಿನೊಳಗೆ ಮುಳ್ಳುಬೇಲಿ ಹಾಕಿದ ದೊಡ್ಡಿಗಳಲ್ಲಿ ದನ ಕೂಡಿ, ತಿಂಗಳುಗಟ್ಟಲೆ ಅಲ್ಲಿಯೇ ಮೇಯಿಸಿ, ಶೇಖರವಾದ ಗೊಬ್ಬರವನ್ನು ಬಯಲಿನ ತೋಟಗಳಿಗೆ ಮಾರುವ ಪದ್ಧತಿ ಹಿಂದಿನಿಂದ ಇತ್ತು. ಗಡಿಯ ಆಚೆ, ತಮಿಳುನಾಡಿನ ಈರೋಡು ಜಿಲ್ಲೆಯ ಬರಗೂರು ಬೆಟ್ಟಗಳಲ್ಲಿ ಕನ್ನಡ ಮಾತಾಡುವ ಲಿಂಗಾಯತರು, ಕಂದು ಮೈಯ ಮೇಲೆ ಬಿಳಿ ಮಚ್ಚೆಯಿರುವ, ಸುಲಭವಾಗಿ ಪಳಗದ ಬರಗೂರು ತಳಿಯ ದನಗಳನ್ನು ಇದೇ ಬಗೆಯಲ್ಲಿ ಸಾಕಿಕೊಂಡು ಬಂದಿದ್ದಾರೆ; ಎರಡು ರಾಜ್ಯಗಳಾದರೂ ಬೆಟ್ಟ ಒಂದೇ, ಹುಲಿಯನ್ನೇರಿದ ದೇವರು ಮಾದಪ್ಪನೂ ಒಬ್ಬನೇ. 2013ರಲ್ಲಿ ಕರ್ನಾಟಕದ ಭಾಗ ವನ್ಯಜೀವಿ ಧಾಮವಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಅರಣ್ಯಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಮುಂದೆ ಆ ನಿಷೇಧವನ್ನು ರಾಷ್ಟ್ರೀಯ ಉದ್ಯಾನ, ಧಾಮ ಮತ್ತು ಹುಲಿ ಮೀಸಲುಗಳಿಗೆ ಸೀಮಿತಗೊಳಿಸಿತು. ಅದರ ಬೆನ್ನಿಗೇ ಬರಗೂರಿನ ಕಾಡು ಕೂಡ ಹೊಸ ಧಾಮವೊಂದರ ಭಾಗವಾಯಿತು.

2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ವಿಷವಿಟ್ಟ ಹಸುವಿನ ಕಳೇಬರವನ್ನು ತಿಂದು ಸತ್ತಾಗ ರಾಜ್ಯ ದಂಗಾಯಿತು. ಕೃತ್ಯವನ್ನು ಯಾರೂ ಸಮರ್ಥಿಸುವಂತಿಲ್ಲ. ಅದರ ಮರುತಿಂಗಳು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಮದ್ರಾಸ್ ತೀರ್ಪನ್ನು ಮುಂದಿಟ್ಟು, ರಾಜ್ಯದ ಕಾಡುಗಳಲ್ಲಿ ದನ, ಕುರಿ, ಮೇಕೆಗಳ ಮೇಯುವಿಕೆಯನ್ನು ತಡೆಯಲು ಕ್ರಮ ಕೈಗೊಳ್ಳುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಬೆಟ್ಟದ ದೊಡ್ಡಿಯ ದನಗಾಹಿ, ಚಿತ್ರದುರ್ಗದ ಕುರಿಗಾರ, ಊರ ಪಕ್ಕದ ಕುರುಚಲಿಗೆ ನಾಲ್ಕು ಮೇಕೆ ಬಿಡುವ ಮುದುಕಿ ಎಲ್ಲರೂ ಆ ಒಂದೇ ಸೂಚನೆಯ ಕೆಳಗೆ ಬಂದರು. 2006ರ ಅರಣ್ಯ ಹಕ್ಕು ಕಾಯಿದೆಯಾದರೋ, ನೆಲೆನಿಂತವರ ಮೇವಿನ ಹಕ್ಕನ್ನೂ ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಕಾಡನ್ನು ಬಳಸುವ ಹಕ್ಕನ್ನೂ ಸ್ಪಷ್ಟ ಮಾತುಗಳಲ್ಲಿ ಗುರುತಿಸುತ್ತದೆ. ಆದರೆ ಬುಡಕಟ್ಟಿಗೆ ಸೇರದವರು ಆ ಹಕ್ಕು ಪಡೆಯಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡನ್ನು ಅವಲಂಬಿಸಿದ್ದನ್ನು ರುಜುವಾತು ಮಾಡಬೇಕು. ಒಂದೇ ಜಾಗದಲ್ಲಿ ನಿಲ್ಲದಿರುವುದೇ ಕಸುಬಾಗಿರುವವನು ಒಂದು ಜಾಗದ 75 ವರ್ಷದ ಪುರಾವೆಯನ್ನು ಎಲ್ಲಿಂದ ತರಬೇಕು?

ಉತ್ತರ ಕನ್ನಡದ ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾಗಳ ಕಾಡಂಚಿನ ಧನಗರ ಗೌಳಿಗಳು ಸಹ್ಯಾದ್ರಿಯ ಎಮ್ಮೆಗಾಹಿಗಳು. ಅವರ ಜೀವನಕ್ರಮವನ್ನು ಪರಿಸರ ವಿಜ್ಞಾನದ ದೃಷ್ಟಿಯಿಂದ ಅಧ್ಯಯನ ಮಾಡಿ 1982ರಲ್ಲಿ ಪ್ರಬಂಧ ಪ್ರಕಟಿಸಿದವರಲ್ಲಿ ಮಾಧವ ಗಾಡ್ಗೀಳರು ಒಬ್ಬರು. ಅವರು ಕೆಲಸ ಮಾಡುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆ ಯಶವಂತಪುರಕ್ಕೆ ಅಂಟಿಕೊಂಡಂತೆಯೇ ಇದೆ. ಅದೇ ಸಂಸ್ಥೆಗೆ ಮುಂದೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಅಮೃತಮಹಲ್ ಕಾವಲಿನಲ್ಲಿ 1,500 ಎಕರೆ ಮಂಜೂರಾಯಿತು. ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಅಲ್ಲಿಯೇ ಸಾವಿರಾರು ಎಕರೆ ಹುಲ್ಲುಗಾವಲು ಹೋಯಿತು. ಸುತ್ತಲಿನ ಹಳ್ಳಿಗಳ ಕುರಿಗಾರರೂ ದನಗಾಹಿಗಳೂ ಬೇಲಿಯ ಹೊರಗೆ ನಿಂತರು. ಪಶುಪಾಲಕರು ಪರಿಸರದ ಸಂಪನ್ಮೂಲವನ್ನು ಹೇಗೆ ಹಂಚಿಕೊಂಡು ಬಳಸುತ್ತಾರೆಂಬ ಅರಿವು ಒಂದೇ ಆವರಣದ ಒಂದು ವಿಭಾಗದಲ್ಲಿ ಬೆಳೆದು, ಆ ಆವರಣದ ಇನ್ನೊಂದು ಕೊಠಡಿಯ ನಿರ್ಧಾರವನ್ನು ಮುಟ್ಟದೆ ಹೋದದ್ದು ವಿಜ್ಞಾನದ ಇತಿಹಾಸ ಬರೆಯುವವರು ಗಮನಿಸಬೇಕಾದ ಪ್ರಸಂಗ.

ಹುಲ್ಲುನೆಲ ಹೀಗೆ ಸುಲಭವಾಗಿ ಕೈಬದಲಾಗುವುದಕ್ಕೆ ಅದು ಸರ್ಕಾರಿ ಕಣ್ಣಿಗೆ ಪಾಳುನೆಲವಾಗಿ ಕಾಣುವುದು ಒಂದು ಕಾರಣ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಬೆಂಗಳೂರು, ಕೋಲಾರ ಸೀಮೆಯಲ್ಲಿ ನೀಲಗಿರಿ ಹರಡಿದ್ದೂ ಇದೇ ದೃಷ್ಟಿಯಿಂದ. ಇನ್ನೊಂದು ಕಾರಣ ಕಾನೂನಿನೊಳಗೇ ಇದೆ, ಮತ್ತು ಅದು ಹೆಚ್ಚು ಮುಖ್ಯವಾದುದು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ ನೂರು ಜಾನುವಾರಿಗೆ ಸುಮಾರು 30 ಎಕರೆಯಂತೆ ಗೋಮಾಳ ಕಾದಿರಿಸಬೇಕು. ಎಣಿಸುವುದು ಊರಿನ ಜಾನುವಾರನ್ನು. ನವೆಂಬರಿನಲ್ಲಿ ಒಂದು ಊರು, ಫೆಬ್ರವರಿಯಲ್ಲಿ ಇನ್ನೊಂದು ಊರು ದಾಟುವ ಹಿಂಡು ಯಾವ ಊರಿನ ಲೆಕ್ಕಕ್ಕೂ ಬಾರದು. ಆದ್ದರಿಂದ ಯಾವ ಗೋಮಾಳದಲ್ಲೂ ಅದಕ್ಕೆ ಪಾಲಿಲ್ಲ. ಊರಿನ ದನ ಕಡಿಮೆಯಾದಂತೆ ಗೋಮಾಳ ಹೆಚ್ಚುವರಿಯೆನಿಸಿ ನಿವೇಶನಕ್ಕೋ ಕೈಗಾರಿಕೆಗೋ ಮಂಜೂರಾದಾಗ, ದಾರಿಹೋಕ ಹಿಂಡಿನ ಪರವಾಗಿ ಆಕ್ಷೇಪಣೆ ಸಲ್ಲಿಸುವವರು ಆ ಗ್ರಾಮಸಭೆಯಲ್ಲಿ ಇರುವುದಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ಯಲಹಂಕದ ಆಚೆಗಿನ ಬಯಲುಗಳು ಬಡಾವಣೆಗಳಾಗಿ ತುಂಬಿದ ವೇಗದಲ್ಲಿ, ಊರಿನವರ ದನಕ್ಕೇ ಮೇವಿನ ನೆಲ ಉಳಿಯದಿದ್ದಾಗ, ಹೊರಗಿನ ಹಿಂಡಿನ ಮಾತು ಎತ್ತುವವರಾರು?

ಆ ಸೀಮೆಯಲ್ಲಿ ಉಳಿದಿರುವ ದೊಡ್ಡ ಹುಲ್ಲುನೆಲವೆಂದರೆ ಹೆಸರಘಟ್ಟದ್ದು. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಕೆರೆಯ ಮೇಲ್ಭಾಗದ, ಪಶುಸಂಗೋಪನಾ ಇಲಾಖೆಯ ವಶದಲ್ಲಿದ್ದುದರಿಂದಲೇ ಬಹುಮಟ್ಟಿಗೆ ಉಳಿದುಬಂದ ಈ ಬಯಲಿನಲ್ಲಿ ಚಿತ್ರನಗರಿ ಕಟ್ಟುವ ಪ್ರಸ್ತಾವವೂ ಬಂದುಹೋಗಿದೆ. ಸುಮಾರು 5,000 ಎಕರೆಗೂ ಮಿಕ್ಕಿದ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಬೇಕೆಂಬ ಬೇಡಿಕೆಯನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿ, 2024ರಲ್ಲಿ ಒಪ್ಪಿತು. ಮೇವು ನಿಂತುಹೋದೀತೆಂಬ ಅಂಜಿಕೆಯಿಂದ ಸುತ್ತಲಿನ ಹಳ್ಳಿಗರು ಇದನ್ನು ವಿರೋಧಿಸಿದ್ದು ಸಹಜವಾಗಿತ್ತು. ಧಾಮವೆಂದರೆ ಬೇಲಿ, ಬೇಲಿಯೆಂದರೆ ಗಾರ್ಡು ಎಂಬ ಅನುಭವ ಅವರದು. ಆದರೆ ಸಂರಕ್ಷಣಾ ಮೀಸಲು ಎಂಬ ವರ್ಗ 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯಿದೆಗೆ ಸೇರಿದ್ದೇ ಒಳಗಿನ ಮತ್ತು ಸುತ್ತಲಿನ ಜನರ ಹಕ್ಕುಗಳನ್ನು ಮುಟ್ಟದೆ ನೆಲವನ್ನು ಉಳಿಸುವುದಕ್ಕೆ. ಹದವರಿತು ಮೇಯಿಸದ ಹುಲ್ಲುಗಾವಲಿನಲ್ಲಿ ಮುಳ್ಳುಗಿಡಗಳು ಏರಿ ಹುಲ್ಲೇ ಹಿಂಜರಿಯುವುದುಂಟು. ಬಾನಾಡಿ, ಸೆಳೆವಗಳಂಥ ಬಯಲುಹಕ್ಕಿಗಳ ಹಿತವೂ ದನಗಾಹಿಯ ಹಿತವೂ ಅಲ್ಲಿ ಎದುರುಬದುರಾಗಿ ನಿಲ್ಲಬೇಕಾಗಿಲ್ಲ.

ನಡೆಯುವ ಹಿಂಡನ್ನು ಕಾನೂನಿನೊಳಗೆ ತರುವುದು ಅಸಾಧ್ಯವೆಂಬ ವಾದಕ್ಕೆ ಬೇರೆಡೆಯ ಅನುಭವ ಉತ್ತರ ಕೊಡುತ್ತದೆ. ಹಿಮಾಚಲ ಪ್ರದೇಶದ ಗದ್ದಿ ಕುರಿಗಾಹಿಗಳಿಗೆ ಅರಣ್ಯ ಇಲಾಖೆ ಬ್ರಿಟಿಷರ ಕಾಲದಿಂದ ಮೇವಿನ ಪರವಾನಗಿ ನೀಡುತ್ತ ಬಂದಿದ್ದು, ಹಿಂಡಿನ ಸಂಖ್ಯೆ, ಸಾಗುವ ಮಾರ್ಗಗಳಂಥ ವಿವರಗಳು ಅದರಲ್ಲಿ ನಮೂದಾಗಿರುತ್ತವೆ. ಪರವಾನಗಿಗಳ ಸಂಖ್ಯೆಯನ್ನು ಹೆಚ್ಚಿಸದೆ ಹಿಡಿದಿಟ್ಟಿದ್ದಾರೆಂಬ ದೂರು ಅಲ್ಲಿಯೂ ಇದೆ, ಆದರೆ ದಾರಿ ಎಂಬುದೊಂದು ಇದೆಯೆಂದು ಸರ್ಕಾರ ಬರೆದುಕೊಂಡಿದೆ. ಸ್ಪೇನ್ ದೇಶ 1995ರ ಕಾಯಿದೆಯಿಂದ ಹಳೆಯ ಕುರಿದಾರಿಗಳನ್ನು ಸಾರ್ವಜನಿಕ ಆಸ್ತಿಯೆಂದು ರಕ್ಷಿಸಿದೆ. ರಾಜಧಾನಿ ಮ್ಯಾಡ್ರಿಡ್‌ನ ನಡುಬೀದಿಯಲ್ಲಿ ಆ ಹಕ್ಕಿನ ನೆನಪಿಗೆ ವರ್ಷಕ್ಕೊಮ್ಮೆ ಕುರಿಹಿಂಡು ಹಾಯುತ್ತದೆ. ಬೆಂಗಳೂರಿನ ಬಳ್ಳಾರಿ ರಸ್ತೆಯ ಮೇಲುಸೇತುವೆಯಲ್ಲಿ ಹಿಂಡು ಹಾಯಲೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಕಾಲುವೆಯ ಪಕ್ಕದ ಏರಿ, ರಸ್ತೆಯಂಚಿನ ಬಂಡಿದಾರಿ, ಗುಡ್ಡದ ತಳದ ಕಟ್ಟೆಗಳನ್ನು ನಕಾಶೆಯ ಮೇಲೆ ಗುರುತಿಸಿ ಒತ್ತುವರಿಯಿಂದ ಬಿಡಿಸಿದರೆ ಸಾಕಾಗುತ್ತದೆ.

ಕರ್ನಾಟಕದಲ್ಲಿ ಈ ದಿಕ್ಕಿನ ಮೊದಲ ಹೆಜ್ಜೆಯೆನ್ನಬಹುದಾದ, ಸಾಂಪ್ರದಾಯಿಕ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ದೌರ್ಜನ್ಯದಿಂದ ರಕ್ಷಣೆಯ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂದಿತು; ಕಾಡಿನಲ್ಲಿ ಮೇಯುವುದನ್ನು ತಡೆಯಬೇಕೆಂಬ ಸೂಚನೆ ಹೊರಬಿದ್ದದ್ದೂ ಅದೇ ವರ್ಷ, ಅದೇ ಸರ್ಕಾರದಿಂದ. 2024ರ ಅಕ್ಟೋಬರಿನಲ್ಲಿ ಚಾಲನೆ ಪಡೆದ 21ನೆಯ ಜಾನುವಾರು ಗಣತಿ ದೇಶದಲ್ಲಿ ಮೊದಲ ಬಾರಿಗೆ ಪಶುಪಾಲಕರನ್ನು ಪ್ರತ್ಯೇಕವಾಗಿ ಎಣಿಸಲು ಹೊರಟಿತು, ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಎಣಿಕೆಯ ಅಂಕಿ ಕೈಗೆ ಬಂದಾಗ ಅದನ್ನು ಯಾವ ಇಲಾಖೆ ಇಟ್ಟುಕೊಳ್ಳುವುದೆಂಬ ಪ್ರಶ್ನೆ ಎದ್ದೇ ಏಳುತ್ತದೆ. ರೋಗ ಹರಡುವ ಹಾದಿಯನ್ನು ಜಿಲ್ಲೆಗಳ ನಕಾಶೆಯ ಮೇಲೆ ಗುರುತಿಸುವ ಪರಿಣತಿ ಯಲಹಂಕದಲ್ಲಿ ಈಗಾಗಲೇ ಇದೆ. ಮುಂಗಾರಿನ ನಂತರ ನುಸಿಗಳಿಂದ ಹರಡುವ ನೀಲಿ ನಾಲಿಗೆ ರೋಗಕ್ಕಾಗಲಿ, ಹಿಂಡಿನಿಂದ ಹಿಂಡಿಗೆ ದಾಟುವ ಪಿಪಿಆರ್ ಎಂಬ ಮಾರಿಗಾಗಲಿ ಸಕಾಲದಲ್ಲಿ ಲಸಿಕೆ ತಲುಪಬೇಕಾದರೆ ಹಿಂಡು ಯಾವ ತಿಂಗಳು ಎಲ್ಲಿರುತ್ತದೆಂಬುದು ಹೇಗೂ ತಿಳಿದಿರಬೇಕು. ಕುರಿದಾರಿಯ ನಕಾಶೆ ಬರೆಯಲು ಹೊಸ ಇಲಾಖೆಯೊಂದು ಹುಟ್ಟುವವರೆಗೆ ಕಾಯಬೇಕಾಗಿಲ್ಲ. ಹೆಬ್ಬಾಳದಿಂದ ಹೊರಡುವ ಲಸಿಕೆಯ ಪೆಟ್ಟಿಗೆಯ ಜೊತೆಗೆ ಹಿಂಡಿನ ಯಜಮಾನನಿಂದ ಕೇಳಿ ಬರೆದುಕೊಳ್ಳುವ ಒಂದು ಹಾಳೆ ಹೋದರೂ ಕೆಲಸ ಶುರುವಾಗುತ್ತದೆ.